ಪ್ಲಾಟಿಗೆ ಮುಂಗಡ ಕೊಡುವ ಮೊದಲು ಓಣಿಯನ್ನು ಅಳೆಯಿರಿ

ಪ್ರಶ್ನೆ: ಬೆಳಗಾವಿಯ ಹೊರವಲಯದಲ್ಲಿ ಒಂದು ಗುಂಟೆ ಪ್ಲಾಟನ್ನು ನೂರು ರೂಪಾಯಿ ಬಾಂಡಿನ ಮೇಲೆ ಕೊಂಡು ಮನೆ ಕಟ್ಟಿದ್ದೇವೆ. ಮೀಟರ್ ಬಂದಿದೆ, ಮನೆಪಟ್ಟಿಯನ್ನೂ ತುಂಬುತ್ತಿದ್ದೇವೆ. ಗಟಾರ ಮಾತ್ರ ಆಗುತ್ತಿಲ್ಲ. ನಮ್ಮದು ಸಕ್ರಮವಾಯಿತೇ?

ಉತ್ತರ: ಆಗಲಿಲ್ಲ. ಇದೇ ಪ್ರಶ್ನೆಗೆ ಇದೇ ಉತ್ತರ ಬರೆದು ನನಗೆ ಬೇಸರ ಬಂದಿದೆ. ಮನೆಪಟ್ಟಿಯ ಪಾವತಿ ನೀವು ತೆರಿಗೆ ಕಟ್ಟಿದ್ದಕ್ಕಷ್ಟೇ ಸಾಕ್ಷಿ. ಬಾಂಡು ಎಷ್ಟೇ ಸಾಕ್ಷಿದಾರರ ಸಹಿ ಹೊತ್ತಿದ್ದರೂ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಖರೀದಿಪತ್ರ ನೋಂದಣಿಯಾಗುವ ತನಕ ಜಾಗದ ಒಡೆತನ ನಿಮಗೆ ಬರುವುದಿಲ್ಲ.

ಗಟಾರದ ಕಥೆ ಹೊಲ ಮಾರಿದ ದಿನವೇ ಶುರುವಾಗಿದೆ. ಒಂದು ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ಎನ್.ಎ. (ಹೊಲವನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸುವುದು) ಆಗಿ, ನಕ್ಷೆ ಮಂಜೂರಾದ ಬಡಾವಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಾಗ ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಲಭ್ಯಗಳಿಗೆ ಹೋಗುತ್ತದೆ. ನಿಮಗೆ ಮಾರಿದವರು ಹತ್ತಡಿ ಓಣಿ ಬಿಟ್ಟು ಉಳಿದುದೆಲ್ಲವನ್ನೂ ಪ್ಲಾಟು ಮಾಡಿದ್ದಾರೆ. ಅಗ್ಗವಾಗಿ ಸಿಕ್ಕಿತೆಂದು ನೀವು ಕೊಂಡದ್ದರಲ್ಲಿ ನಿಮ್ಮದೇ ರಸ್ತೆಯೂ ಸೇರಿದೆ.

ಇಂಥದೊಂದು ಓಣಿಯಲ್ಲಿ ನಾನೇ ಟೇಪು ಹಿಡಿದಿದ್ದೇನೆ. ಬಾಯಲ್ಲಿ ಹತ್ತಡಿ ಇದ್ದದ್ದು, ಒಂದು ಮನೆಯ ಮೂರು ಮೆಟ್ಟಿಲು, ಎದುರು ಮನೆಯವರು ಗಾಡಿ ಏರಿಸಲು ಹಾಕಿದ ಸಿಮೆಂಟಿನ ಇಳಿಜಾರು ದಾಟುವಷ್ಟರಲ್ಲಿ ಆರಡಿಗಿಂತ ಕಡಿಮೆಯಾಗಿತ್ತು. ಅಷ್ಟರೊಳಗೆ ನಳದ ಪೈಪನ್ನೂ ಒಳಚರಂಡಿಯನ್ನೂ ಪರಸ್ಪರ ದೂರವಿಟ್ಟು ಹಾಕುವುದು ಹೇಗೆ? ಜೆಸಿಬಿ ಒಳಗೆ ಬಾರದು. ಎರೆಮಣ್ಣಿನಲ್ಲಿ ನೀರು ಬೇಗ ಇಂಗದ ಕಾರಣ ಶೌಚದ ಗುಂಡಿ ಮಳೆಗಾಲದಲ್ಲಿ ಮತ್ತೆ ಮತ್ತೆ ತುಂಬುತ್ತದೆ, ಅದೇ ಗುಂಡಿಯ ಮಗ್ಗುಲಲ್ಲಿ ಬೋರು ಕೊರೆಸಿರುತ್ತಾರೆ. ಪ್ರತಿಯೊಬ್ಬರೂ ತಮ್ಮ ಮನೆಯ ಪಾಯವನ್ನು ಪಕ್ಕದವರಿಗಿಂತ ಒಂದಡಿ ಎತ್ತರಿಸುತ್ತಾ ಹೋದದ್ದರಿಂದ ನೀರೆಲ್ಲ ಮೊದಲು ಕಟ್ಟಿದವರ ಪಡಸಾಲೆಗೆ ಹರಿಯುತ್ತದೆ. ಬೆಳಗಾವಿಯದೇ ಆದ ಬಳ್ಳಾರಿ ನಾಲೆಯ ದಂಡೆಯಲ್ಲಿ ಪ್ಲಾಟು ನೋಡುತ್ತಿರುವವರು 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಲ್ಲಿನ ನಿವಾಸಿಗಳನ್ನು ಕೇಳಲಿ, ಏಜೆಂಟರನ್ನಲ್ಲ.

ಈಗ ಮಾಡಬಹುದಾದದ್ದು ಕಡಿಮೆ. ಎರಡೂ ಬದಿಯವರು ಮೆಟ್ಟಿಲುಗಳನ್ನು ಒಳಕ್ಕೆ ಸರಿಸಿ, ಓಣಿಯನ್ನು ಬಾಯಿಂದ ಕೊನೆಯವರೆಗೆ ಒಂದೇ ಅಗಲಕ್ಕೆ ತಂದು, ಎಲ್ಲರೂ ಸಹಿ ಮಾಡಿದ ಒಂದೇ ಅರ್ಜಿಯನ್ನು ಪಾಲಿಕೆಗೆ ಕೊಡಿ. ನನ್ನ ಅನುಭವದಲ್ಲಿ ಇಂಥ ಓಣಿಯ ಕೆಲಸ ಮೆಟ್ಟಿಲಿನ ಜಗಳದಲ್ಲೇ ನಿಂತುಬಿಡುತ್ತದೆ. ಹೊಸದಾಗಿ ಕೊಳ್ಳುವವರು ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ನಕ್ಷೆಯಲ್ಲಿ ತಮ್ಮ ಪ್ಲಾಟಿನ ನಂಬರನ್ನು ಕಣ್ಣಾರೆ ನೋಡುವವರೆಗೆ ಮುಂಗಡ ಕೊಡಕೂಡದು. ಇಪ್ಪತ್ತು ಜನರ ಹೆಸರಿರುವ ಜಂಟಿ ಉತಾರ (ಪಹಣಿ) ತೋರಿಸಿದರೆ ನಾನಂತೂ ಚಹಾ ಕುಡಿಯಲೂ ಕೂರುವುದಿಲ್ಲ.

ಪ್ರಶ್ನೆ: ಮನೆಗೆ ಬೀದಿಕುತ್ತು (ರಸ್ತೆ ನೇರವಾಗಿ ಬಾಗಿಲಿಗೆ ಎದುರಾಗುವ ವಾಸ್ತುದೋಷ) ಇದೆ, ಬಾಗಿಲು ಬದಲಿಸಬೇಕೇ?

ಉತ್ತರ: ಅಗ್ನಿಶಾಮಕ ವಾಹನ ಬಾರದ ಓಣಿಯಲ್ಲಿ ಬಾಗಿಲಿನ ದಿಕ್ಕು ಕೊನೆಯ ಚಿಂತೆ.

ಪ್ರಶ್ನೆ: ಅಕ್ರಮ-ಸಕ್ರಮದಲ್ಲಿ ಮಾಡಿಸಿಕೊಡುತ್ತೇನೆಂದು ಒಬ್ಬರು ಹಣ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಅನಧಿಕೃತ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಬಿ-ಖಾತೆ (ಅನಧಿಕೃತ ಆಸ್ತಿಯನ್ನು ತೆರಿಗೆಗಾಗಿ ದಾಖಲಿಸುವ ಖಾತೆ) ಬೇಕಾದರೆ ಪಾಲಿಕೆಗೆ ನೀವೇ ಹೋಗಿ. ಆದರೆ ಅದು ಕೈಗೆ ಬಂದರೂ ನಿಮ್ಮ ಬಡಾವಣೆ ಮಂಜೂರಾದಂತೆ ಆಗುವುದಿಲ್ಲ.