ಸತ್ತ ಮಂಗ ಯಾರ ಪಾಲಿನ ಕೆಲಸ?

ಪ್ರಶ್ನೆ: ನಮ್ಮದು ಎರಡು ಎಕರೆ ಅಡಿಕೆ ತೋಟ. ಕಳೆದ ಜನವರಿಯಲ್ಲಿ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಮಂಗವೊಂದು ಸತ್ತು ಬಿದ್ದಿತ್ತು. ಆಶಾ ಕಾರ್ಯಕರ್ತೆ ಅರಣ್ಯ ಇಲಾಖೆಗೆ ತಿಳಿಸಿ ಎಂದರು, ಗಾರ್ಡ್ ಪಶುವೈದ್ಯರು ಬರಲಿ ಎಂದರು. ಎರಡು ದಿನ ಅಲ್ಲೇ ಕೊಳೆಯಿತು. ಮಂಗನ ಕಾಯಿಲೆಯ ಜ್ವರ ಬರುವುದು ಮನುಷ್ಯರಿಗೆ, ಇಷ್ಟು ಇಲಾಖೆಗಳೇಕೆ? ಹಸುಗಳನ್ನು ಮಾರಿಬಿಡಿ ಎನ್ನುತ್ತಾರೆ ನೆಂಟರು. ಮಾರಬೇಕೇ?
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಹಸು ಮಾರಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಎರಡು ದಿನ ಕಳೆದದ್ದು ಸಣ್ಣ ತಪ್ಪಲ್ಲ. ಈ ಕಾಯಿಲೆ ಮನುಷ್ಯರಿಗೆ ಬರುವುದು ಮುಖ್ಯವಾಗಿ ಉಣುಗು ಕಚ್ಚಿದಾಗ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ಇಳಿದು ತರಗೆಲೆಯೊಳಗೆ ಸೇರುತ್ತವೆ. ನೀವು ದರಕು ಗುಡಿಸುವುದೂ ಅಲ್ಲಿಯೇ.

ಈ ಕಾಯಿಲೆ ಪತ್ತೆಯಾದದ್ದೇ ಹಲವರು ಸೇರಿ ಹುಡುಕಿದ್ದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಜನ ಜ್ವರದಿಂದ ಮಲಗಿದಾಗ ಕಾಡಿನಲ್ಲಿ ಮಂಗಗಳೂ ಸಾಯುತ್ತಿದ್ದವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮಂಗ, ಮನುಷ್ಯ, ಉಣುಗು ಮೂರನ್ನೂ ಪರೀಕ್ಷಿಸಿದರು. ಸಿಕ್ಕ ವೈರಸ್ ರಷ್ಯಾದ ಒಂದು ವೈರಸ್ಸಿನ ದಾಯಾದಿಯಂತಿತ್ತು. ವಲಸೆ ಹಕ್ಕಿಗಳು ತಂದವೇನೋ ಎಂಬ ಅನುಮಾನದಿಂದ ಪಕ್ಷಿತಜ್ಞ ಸಲೀಂ ಅಲಿ ಅವರ ತಂಡವೂ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಜ್ವರದ ವೈದ್ಯರಷ್ಟೇ ಕುಳಿತಿದ್ದರೆ ಟೈಫಾಯಿಡ್ ಎಂದು ಬರೆದು ಮುಗಿಸುತ್ತಿದ್ದರೇನೋ.

ಇಂದಿಗೂ ಹಾಗೆಯೇ. ಮಂಗದ ಸಾವು ಮೊದಲು ಕಣ್ಣಿಗೆ ಬೀಳುವುದು ಗಾರ್ಡ್‌ಗೆ ಅಥವಾ ನಿಮಗೆ. ಶವ ಕೊಯ್ದು ಮಾದರಿ ತೆಗೆಯಲು ಪಶುವೈದ್ಯರು ಬೇಕು. ಕೀಟತಜ್ಞರು ಬಿಳಿ ಬಟ್ಟೆಯನ್ನು ನೆಲದ ಮೇಲೆ ನಿಧಾನಕ್ಕೆ ಎಳೆಯುತ್ತಾರೆ. ಎಳ್ಳಿನಷ್ಟು ಸಣ್ಣ ಮರಿ ಉಣುಗುಗಳು ಅದಕ್ಕೆ ಅಂಟುತ್ತವೆ, ಎಣಿಸಿ ಶೀಶೆಗೆ ಹಾಕಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಆ ವರದಿ ಬಂದರೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲ ಯಾವ ಊರಿಗೆ ಮೊದಲು ಹೋಗಬೇಕೆಂಬುದು ಆರೋಗ್ಯ ಇಲಾಖೆಗೆ ತಿಳಿಯುತ್ತದೆ. ಹಳೆಯ ಲಸಿಕೆ ನಿಂತುಹೋಗಿರುವಾಗ ಈ ಮುನ್ಸೂಚನೆಯೇ ದೊಡ್ಡ ಆಸರೆ.

ಜಿಲ್ಲಾ ಕಚೇರಿಯಲ್ಲಿ ವರ್ಷಕ್ಕೊಂದು ಸಭೆ ನಡೆಸಿ ಚಹಾ ಕುಡಿದು ನಡಾವಳಿ ಬರೆದರೆ ಅದನ್ನು ಸಮನ್ವಯ ಎನ್ನಲು ನನಗೆ ಮನಸ್ಸಿಲ್ಲ. ಡಿಸೆಂಬರಿಗೆ ಮೊದಲೇ ಪಂಚಾಯಿತಿ ಬಾಗಿಲಿಗೆ ಮೂರೂ ಇಲಾಖೆಯವರ ಮೊಬೈಲ್ ಸಂಖ್ಯೆ ಅಂಟಿಸಬೇಕು, ಯಾರಿಗೆ ಕರೆ ಹೋದರೂ ಉಳಿದಿಬ್ಬರಿಗೆ ಅವರೇ ತಿಳಿಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ಬರವಣಿಗೆಯಲ್ಲೇ ಕೇಳಿ. ಅಲ್ಲಿಯವರೆಗೆ ಮಂಗ ಸತ್ತದ್ದು ಕಂಡರೆ ಮುಟ್ಟದೆ, ಮಕ್ಕಳನ್ನೂ ದನಗಳನ್ನೂ ಅತ್ತ ಬಿಡದೆ, ಮೂವರಿಗೂ ನೀವೇ ಕರೆ ಮಾಡಿ.

ಮನೆಯಲ್ಲಿ ಯಾರಿಗಾದರೂ ತಟ್ಟನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಬೆಟ್ಟಕ್ಕೆ ಹೋಗಿದ್ದನ್ನು ಮೊದಲು ಹೇಳಿ. ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್‌ನಂತಹ ನೋವಿನ ಮಾತ್ರೆ ನುಂಗಬೇಡಿ. ಜ್ವರ ಇಳಿದು ವಾರವೊಂದು ಕಳೆದ ಮೇಲೆ ಕೆಲವರಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ, ಆಗ ನಡುಕ, ಗೊಂದಲ ಇದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ.

ಇನ್ನು ಹಸು. ಹಸುವಿನಿಂದ ನಿಮಗೆ ನೇರವಾಗಿ ಕಾಯಿಲೆ ಅಂಟುವುದಿಲ್ಲ. ಆದರೆ ದೊಡ್ಡ ಉಣುಗುಗಳು ಅದರ ರಕ್ತ ಕುಡಿದು ಉದುರಿ ಮೊಟ್ಟೆಯಿಡುತ್ತವೆ. ಉಣುಗು ನಿವಾರಕ ಔಷಧಿಯನ್ನು ಪಶುವೈದ್ಯರಿಂದ ಕೊಡಿಸಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕೊಟ್ಟಿಗೆಗೆ ಬೆಟ್ಟದ ದರಕಿನ ಬದಲು ಒಣಹುಲ್ಲು ಹಾಸಿ.