ಹಸಿರು ಮುಚ್ಚಳದ ಟ್ಯೂಬು: ಒಂದು ಜೆನೆಟಿಕ್ ಆಪ್ತಸಲಹೆ ಪ್ರಕರಣ

(ಗುರುತು ಸಿಗದಿರಲೆಂದು ವಯಸ್ಸು, ಊರು, ಕೆಲವು ವಿವರ ಬದಲಿಸಿದ್ದೇನೆ.)

ಆ ದಂಪತಿ ಬಂದದ್ದು ಕಿಡ್ನಿ ವಿಷಯಕ್ಕಲ್ಲ. ಮೂರು ವರ್ಷದಲ್ಲಿ ಎರಡು ಸಲ ಗರ್ಭಪಾತವಾಗಿತ್ತು. ಆಕೆಗೆ 29, ಗಂಡನಿಗೆ 34. ಹೆರಿಗೆ ಡಾಕ್ಟರು ಇಬ್ಬರ ಕ್ರೋಮೋಸೋಮ್ (ಜೀನ್‌ಗಳ ಕಟ್ಟು) ಪರೀಕ್ಷೆ ಮಾಡಿಸಿ ನನ್ನ ಹತ್ತಿರ ಕಳಿಸಿದ್ದರು. ವರದಿಯ ಕವರು ಮಾತ್ರ ಅತ್ತೆಯ ಕೈಯಲ್ಲಿತ್ತು. "ಇವಳಿಗೆ ಏನು ತೊಂದರೆ ಅಂತ ಬರ್ದಿದಾರೆ ನೋಡಿ ಮೇಡಂ" ಎಂದು ಕೊಟ್ಟರು.

ಓದಿ ನೋಡಿ, ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ. ಬೇಜಾರಾದರು. ಆದರೆ ಯಾರ ವರದಿಯೋ ಅವರಿಗೇ ಮೊದಲು ಹೇಳಬೇಕು.

ಸೊಸೆಯ ವರದಿಯಲ್ಲಿ ಏನೂ ಇರಲಿಲ್ಲ. ಮಗನ 3ನೇ ಮತ್ತು 8ನೇ ಕ್ರೋಮೋಸೋಮ್‌ಗಳ ತುದಿಗಳು ಅದಲುಬದಲಾಗಿದ್ದವು. ಎರಡು ಪುಸ್ತಕ ಬೈಂಡ್ ಮಾಡುವಾಗ ಇದರ ಹಾಳೆ ಅದಕ್ಕೆ, ಅದರದ್ದು ಇದಕ್ಕೆ ಸೇರಿದ ಹಾಗೆ ಅಂತ ವಿವರಿಸಿದೆ. ಒಂದು ಹಾಳೆಯೂ ಕಳೆದಿಲ್ಲ, ಅದಕ್ಕೇ ಅವರು ಆರೋಗ್ಯವಾಗಿದ್ದಾರೆ. ಮಗುವಿಗೆ ಬೆರಕೆ ಪುಸ್ತಕ ಒಂದೇ ಹೋದರೆ ಕೆಲವು ಹಾಳೆ ಜಾಸ್ತಿ, ಕೆಲವು ಇಲ್ಲವೇ ಇಲ್ಲ. ಅಂಥ ಗರ್ಭ ಹೆಚ್ಚಾಗಿ ನಿಲ್ಲುವುದಿಲ್ಲ. ಆಕೆ ಏನೂ ಮಾತಾಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. ಗಂಡನೇ ಎದ್ದು ಹೋಗಿ ಅಮ್ಮನನ್ನು ಕರೆದು ತಂದು, "ನನ್ನದಮ್ಮಾ, ಅವಳದ್ದಲ್ಲ" ಎಂದರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ 3ನೇ ಕ್ರೋಮೋಸೋಮ್ ಅಂದ ಕೂಡಲೇ ನಾನು ಕಿಡ್ನಿ ಬಗ್ಗೆ ಕೇಳಲೇಬೇಕು. 1979ರಲ್ಲಿ ಅಮೆರಿಕದ ಒಂದೇ ಮನೆತನದ ಹತ್ತು ಜನರಿಗೆ ಕಿಡ್ನಿ ಕ್ಯಾನ್ಸರ್ ಆಗಿದ್ದು ವರದಿಯಾಯಿತು. ಆ ಮನೆಯಲ್ಲಿ ಹರಿದು ಬಂದದ್ದು 3 ಮತ್ತು 8ರ ಅದಲುಬದಲು. 3ರ ಗಿಡ್ಡ ತೋಳಿನಲ್ಲಿ ವಿಎಚ್‌ಎಲ್ ಅನ್ನುವ ಕಾವಲು ಜೀನ್ ಇದೆ, 1993ರಲ್ಲಿ ಪತ್ತೆಯಾದದ್ದು. ಅದಲುಬದಲಿನಲ್ಲಿ ಆ ಭಾಗ 8ಕ್ಕೆ ಅಂಟಿಕೊಂಡಿರುತ್ತದೆ. ಕಿಡ್ನಿಯ ಯಾವುದೋ ಕೋಶ ಆ ಬೆರಕೆ 8ನ್ನು ಕಳೆದುಕೊಂಡರೆ ಒಂದು ಕಾವಲು ಹೋಯಿತು. ಉಳಿದ ಇನ್ನೊಂದು ಪ್ರತಿಯೂ ಕೆಟ್ಟರೆ ಗೆಡ್ಡೆಗೆ ದಾರಿಯಾಗುತ್ತದೆ.

ಹಾಳೆ ತೆಗೆದು ವಂಶವೃಕ್ಷದ ಚೌಕ, ವೃತ್ತ ಬರೆಯುತ್ತಾ ಹೋದೆ. ಮಗನಿಗೆ ಅಪ್ಪ "ಕಿಡ್ನಿ ತೊಂದರೆ"ಯಿಂದ ಹೋದರು ಅಂತಷ್ಟೇ ಗೊತ್ತು. ಮಿಕ್ಕಿದ್ದನ್ನೆಲ್ಲ ಹೇಳಿದ್ದು ಆಗಷ್ಟೇ ಬೇಜಾರಾಗಿದ್ದ ಆ ಅತ್ತೆ. ಯಜಮಾನರಿಗೆ 46ಕ್ಕೆ ಎರಡೂ ಕಿಡ್ನಿಯಲ್ಲಿ ಗೆಡ್ಡೆ. ಮಾವನವರಿಗೆ ಮೂತ್ರದಲ್ಲಿ ರಕ್ತ ಹೋಗುತ್ತಿತ್ತಂತೆ, ತೋರಿಸಲೇ ಇಲ್ಲ. ನಾದಿನಿಗೆ 51ಕ್ಕೆ ಒಂದು ಕಿಡ್ನಿ ತೆಗೆದಿದ್ದಾರೆ. "ಆದ್ರೆ ಅವಳಿಗೆ ಜೀನ್ ಟೆಸ್ಟ್ ಮಾಡ್ಸಿದ್ವಿ, ನಾರ್ಮಲ್ ಬಂತು. ವಂಶದ್ದಲ್ಲ ಅಂದ್ರು."

ನನಗೆ ಸಿಟ್ಟು ಬರುವುದು ಇಂಥ ಕಡೆ. ಟೆಸ್ಟ್ ತಪ್ಪಲ್ಲ, "ವಂಶದ್ದಲ್ಲ" ಅಂದ ಆ ಒಂದು ಮಾತು ತಪ್ಪು. ಜೀನ್ ಪ್ಯಾನೆಲ್, ಅಂದರೆ ಕೆಲವು ಜೀನ್‌ಗಳನ್ನು ಒಟ್ಟಿಗೆ ಓದುವ ಟೆಸ್ಟ್, ಅಕ್ಷರದೋಷ ಹುಡುಕುತ್ತದೆ. ಹಾಳೆಯೆಲ್ಲ ಇದ್ದು ಬೈಂಡಿಂಗ್ ಮಾತ್ರ ಬದಲಾಗಿದ್ದರೆ ಅದಕ್ಕೆ ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೆ ಕ್ರೋಮೋಸೋಮ್‌ಗಳನ್ನೇ ನೋಡುವ ಕ್ಯಾರಿಯೋಟೈಪ್ ಪರೀಕ್ಷೆ ಬೇಕು. ಆ ರಕ್ತ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿಗೆ ಹೋಗುತ್ತದೆ, ಯಾಕೆಂದರೆ ಕೋಶಗಳು ಜೀವಂತವಾಗಿದ್ದು ಲ್ಯಾಬಿನಲ್ಲಿ ಸುಮಾರು ಮೂರು ದಿನ ಬೆಳೆಯಬೇಕು. ನೇರಳೆ ಮುಚ್ಚಳದ್ದು ಡಿಎನ್‌ಎ ತೆಗೆಯಲು. ನಾದಿನಿಯಿಂದ ತೆಗೆದದ್ದು ಬರೀ ನೇರಳೆ.

ಹಾಗಾಗಿ ಮೊದಲ ಸಲಹೆ, ಆ ನಾದಿನಿಯ, ಅಂದರೆ ಗಂಡನ ಸೋದರತ್ತೆಯ, ರಕ್ತ ಹಸಿರು ಟ್ಯೂಬಿನಲ್ಲಿ ಕೊಡಿಸಿ ಅಂತ. ಅವರಲ್ಲೂ ಇದೇ ಅದಲುಬದಲು ಸಿಕ್ಕರೆ ನಂಟು ಗಟ್ಟಿಯಾಗುತ್ತದೆ. ಮನೆಯಲ್ಲಿ ಕಿಡ್ನಿ ಕ್ಯಾನ್ಸರೇ ಇಲ್ಲದೆ ಬರೀ 3ರ ಅದಲುಬದಲು ಸಿಕ್ಕವರಿಗೆ ಇಷ್ಟು ಹೆದರಿಸುವುದಿಲ್ಲ. ಇಲ್ಲಿ ಹಾಗಿಲ್ಲ. ಅದಕ್ಕೇ ಗಂಡನಿಗೆ ಉತ್ತರ ಬರುವ ತನಕ ಕಾಯಬೇಡಿ, ಈಗಲೇ ಎಂಆರ್‌ಐ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್ ಅಂದೆ. ಚಿಕ್ಕ ಗೆಡ್ಡೆ ಕಂಡರೆ ಕೂಡಲೇ ಕಿಡ್ನಿ ತೆಗೆಸಲು ಒಪ್ಪಬೇಡಿ. ವಿಎಚ್‌ಎಲ್ ಜೀನ್ ಕೆಟ್ಟಿರುವ ಮನೆತನಗಳಲ್ಲಿ 3 ಸೆಂ.ಮೀ. ಆಗುವವರೆಗೆ ಕಣ್ಣಿಟ್ಟು, ಗೆಡ್ಡೆ ಮಾತ್ರ ತೆಗೆದು ಕಿಡ್ನಿ ಉಳಿಸುವ ರೂಢಿ ಇದೆ. ಇದನ್ನು ತಿಳಿದ ಯೂರಾಲಜಿಸ್ಟ್ ಹತ್ತಿರವೇ ಹೋಗಿ. ಬೀಡಿ, ಸಿಗರೇಟು ಇವತ್ತಿಗೇ ಬಿಡಿ.

ಮಗುವಿನ ವಿಷಯ ಆಕೆ ಕೊನೆಗೆ ಕೇಳಿದರು. ಸಹಜವಾಗಿಯೇ ಆರೋಗ್ಯದ ಮಗು ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಗರ್ಭ ನಿಂತರೆ 11ರಿಂದ 13 ವಾರದಲ್ಲಿ ಮಾಸಿನ (ಪ್ಲಾಸೆಂಟಾ) ಚೂರು, ಇಲ್ಲವೇ 16 ವಾರದ ನಂತರ ಗರ್ಭದ ನೀರು ತೆಗೆದು ಪರೀಕ್ಷಿಸಬಹುದು. ಐವಿಎಫ್‌ನಲ್ಲಿ ಭ್ರೂಣ ಪರೀಕ್ಷಿಸಿ ಇಡುವುದೂ ಇದೆ, ದುಬಾರಿ. ಯಾವುದರಲ್ಲೂ ಗಂಡೋ ಹೆಣ್ಣೋ ಹೇಳುವಂತಿಲ್ಲ, 1994ರ ಕಾಯ್ದೆ ಇದೆ. ಇದನ್ನು ಅತ್ತೆಯ ಕಡೆ ನೋಡಿಯೇ ಹೇಳಿದೆ.

ಎರಡು ತಿಂಗಳಾದ ಮೇಲೆ ಬಂದರು. ಎಂಆರ್‌ಐ ಸ್ವಚ್ಛ. ಸೋದರತ್ತೆಯಲ್ಲಿ ಅದೇ 3, 8. ಗಂಡನಿಗೊಬ್ಬ ತಮ್ಮ ಇದ್ದಾನೆ, 27 ವರ್ಷ, ಮದುವೆ ಮಾತುಕತೆ ನಡೆಯುತ್ತಿದೆ. ಅವನಲ್ಲೂ ಇರುವ ಸಾಧ್ಯತೆ ಅರ್ಧಕ್ಕರ್ಧ. "ಹುಡುಗಿ ಮನೆಯವರಿಗೆ ಗೊತ್ತಾದ್ರೆ?" ಅಂತ ಫೋನಿಟ್ಟನಂತೆ. ವಯಸ್ಕನನ್ನು ಒತ್ತಾಯಿಸುವಂತಿಲ್ಲ. ಅವನ ಹೆಸರಿಗೇ ಒಂದು ಪತ್ರ ಬರೆದು, ಕವರು ಅಂಟಿಸಿ ಕೊಟ್ಟೆ. ಈ ಸಲ ಕವರನ್ನು ಬ್ಯಾಗಿಗೆ ಹಾಕಿಕೊಂಡದ್ದು ಸೊಸೆ. "ಹಬ್ಬಕ್ಕೆ ಬರ್ತಾನೆ, ನಾನೇ ಕೂರಿಸಿ ಮಾತಾಡ್ತೀನಿ" ಎಂದರು. ಅತ್ತೆ ತಲೆಯಾಡಿಸಿದರು.