ಓದುಗರ ಪ್ರಶ್ನೆ: ಕಪ್ಪು-ಬಿಳುಪು ಚಿತ್ರಕ್ಕೆ ಯಾವ ಶಾಯಿ, ಯಾವ ಡ್ರೈವರ್?

ಪ್ರಶ್ನೆ: ಗೊರೂರು ಜಲಾಶಯದ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಶೆಟ್ಟಿಹಳ್ಳಿ ಚರ್ಚಿನ ಕಪ್ಪು-ಬಿಳುಪು ಚಿತ್ರಗಳನ್ನು ಆರು ಬಣ್ಣಗಳ ಡೈ (ದ್ರವದಲ್ಲಿ ಕರಗಿದ ಬಣ್ಣದ) ಶಾಯಿಯ ಟ್ಯಾಂಕ್ ಪ್ರಿಂಟರಿನಲ್ಲಿ ಮುದ್ರಿಸುತ್ತಿದ್ದೇನೆ. ಕಿಟಕಿಯ ಬೆಳಕಿನಲ್ಲಿ ನಸುಗೆಂಪಾಗಿ ಕಾಣುವ ಪ್ರಿಂಟ್ ರಾತ್ರಿ ಎಲ್‌ಇಡಿ ದೀಪದಡಿ ಹಸಿರಾಗಿ ಕಾಣುತ್ತದೆ. ಶಾಯಿ ಬದಲಿಸಿದರೆ ಸರಿಹೋಗುವುದೇ?
– ಓದುಗರೊಬ್ಬರು, ಹಾಸನ

ಉತ್ತರ: ಇಂತಹ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಕಪ್ಪು, ಸಯಾನ್, ಮಜೆಂಟಾ, ಹಳದಿಗಳ ಜೊತೆ ತಿಳಿ ಸಯಾನ್ ಮತ್ತು ತಿಳಿ ಮಜೆಂಟಾ ಇರುತ್ತವೆ, ಬೂದು ಶಾಯಿ ಇರುವುದಿಲ್ಲ. ಹಾಗಾಗಿ ಚರ್ಚಿನ ಗೋಡೆಯ ಬೂದನ್ನು ಡ್ರೈವರ್ (ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶ) ಬಹುಪಾಲು ಬಣ್ಣಗಳನ್ನು ಬೆರೆಸಿಯೇ ತಯಾರಿಸುತ್ತದೆ. ಭೂತಗನ್ನಡಿ ಹಿಡಿದು ನೋಡಿ, ಬೂದೆಂದು ಕಂಡ ಜಾಗದಲ್ಲಿ ನೀಲಿ, ಗುಲಾಬಿ, ಹಳದಿ ಚುಕ್ಕೆಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಹಗಲಿನ ಬೆಳಕಿನಲ್ಲಿ ಕೆಂಪಿನತ್ತ ವಾಲುವ ಈ ಬೆರಕೆ ಎಲ್‌ಇಡಿಯ ಬೆಳಕಿನಲ್ಲಿ ಹಸಿರಿನತ್ತ ವಾಲುತ್ತದೆ; ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ.

ಹಣ ಖರ್ಚು ಮಾಡುವ ಮೊದಲು ಡ್ರೈವರಿನಲ್ಲಿ ಗ್ರೇಸ್ಕೇಲ್ ಆಯ್ಕೆ ಮಾಡಿ ಅದೇ ಚಿತ್ರವನ್ನು ಇನ್ನೊಮ್ಮೆ ಮುದ್ರಿಸಿ ನೋಡಿ. ಅನೇಕ ಪ್ರಿಂಟರುಗಳಲ್ಲಿ ಆಗ ಕಪ್ಪು ಶಾಯಿಯೇ ಹೆಚ್ಚಿನ ಕೆಲಸ ಮಾಡುವುದರಿಂದ ಬಣ್ಣದ ಛಾಯೆ ತಗ್ಗುತ್ತದೆ, ಆದರೆ ತಿಳಿಯಾದ ಭಾಗಗಳಲ್ಲಿ ಕಪ್ಪು ಚುಕ್ಕೆಗಳು ಬಿಡಿಬಿಡಿಯಾಗಿ ಕಾಣತೊಡಗುತ್ತವೆ. ಹಳೇಬೀಡಿನ ಬಳಪದ ಕಲ್ಲಿನ ಶಿಲ್ಪಗಳಿಗೆ ಆ ತರಿ ಒಪ್ಪಿಬಿಡಬಹುದು; ನಿಮ್ಮ ಚರ್ಚಿನ ಮೇಲಿನ ಮಳೆಯ ಆಕಾಶಕ್ಕೆ ಅದು ಒಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಮುಂದೆ ಪ್ರಿಂಟರ್ ಕೊಳ್ಳುವಾಗ ಕಪ್ಪಿನ ಜೊತೆ ಒಂದಾದರೂ, ಸಾಧ್ಯವಾದರೆ ಎರಡು ಬೂದು ಶಾಯಿಗಳಿರುವುದನ್ನೇ ಆರಿಸಿಕೊಳ್ಳಿ. ಎಪ್ಸನ್ 2005ರಲ್ಲಿ ತಂದ ಅಲ್ಟ್ರಾಕ್ರೋಮ್ ಕೆ3 ಪಿಗ್ಮೆಂಟ್ (ದ್ರವದಲ್ಲಿ ಕರಗದ ಬಣ್ಣದ ಕಣಗಳ) ಶಾಯಿಗಳ ಹೆಸರಿನಲ್ಲಿರುವ ‘3’ ಈ ಮೂರು ಹಂತದ ಕಪ್ಪುಗಳನ್ನೇ ಸೂಚಿಸುತ್ತದೆ. ಅವುಗಳ ಡ್ರೈವರಿನಲ್ಲಿರುವ ‘ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್’ ವಿಧಾನದಲ್ಲಿ ಚಿತ್ರದ ಬಹುಭಾಗ ಕಪ್ಪು ಮತ್ತು ಬೂದು ಶಾಯಿಗಳಿಂದಲೇ ಮೂಡುತ್ತದೆ. ತಂಪು ಅಥವಾ ಬೆಚ್ಚನೆಯ ಛಾಯೆ ಕೊಡಲು ಮಾತ್ರ ಬಣ್ಣ ತುಸು ಸೇರುತ್ತದೆ. ಈ ವಿಧಾನ ಬಳಸುವಾಗ ಫೋಟೋ ತಂತ್ರಾಂಶದಲ್ಲಿ ಬಣ್ಣದ ನಿರ್ವಹಣೆಯನ್ನು ಪ್ರಿಂಟರಿಗೇ ಬಿಡಬೇಕು. ತಂತ್ರಾಂಶ ಒಂದು ಕಡೆ, ಡ್ರೈವರ್ ಇನ್ನೊಂದು ಕಡೆ ತಿದ್ದತೊಡಗಿದರೆ ನೆರಳುಗಳೆಲ್ಲ ಕೆಸರಾಗುತ್ತವೆ. ನಾನು ಈ ತಪ್ಪಿಗೆ ಒಂದು ಪೊಟ್ಟಣ ಒಳ್ಳೆಯ ಕಾಗದವನ್ನು ಕಳೆದುಕೊಂಡಿದ್ದೇನೆ.

ಬಣ್ಣದ ಶಾಯಿಗಳನ್ನೆಲ್ಲ ತೆಗೆದು, ಹಲವು ಹಂತದ ಬೂದುಗಳನ್ನೇ ತುಂಬುವ ಪೀಜೋಗ್ರಫಿಯಂತಹ ಕಾರ್ಬನ್ ಶಾಯಿಗಳೂ ಇವೆ. ಕಾರ್ಬನ್ ಬಾಳಿಕೆಯಲ್ಲಿ ಬಹಳ ಗಟ್ಟಿ, ಅದರ ಸಹಜ ಛಾಯೆ ಬೆಚ್ಚಗಿನದು. ಆದರೆ ಸಯಾನ್ ಇರಬೇಕಾದ ಜಾಗದಲ್ಲಿ ಬೂದು ಇದೆಯೆಂಬುದು ಮಾಮೂಲಿ ಡ್ರೈವರಿಗೆ ತಿಳಿಯದು. ಯಾವ ಶಾಯಿ ಎಲ್ಲಿ ಎಷ್ಟು ಬೀಳಬೇಕೆಂದು ನಿರ್ಧರಿಸಲು ಕ್ವಾಡ್‌ಟೋನ್‌ರಿಪ್‌ನಂತಹ ಬೇರೆ ತಂತ್ರಾಂಶ ಬೇಕು, ಮತ್ತು ಆ ಪ್ರಿಂಟರನ್ನು ಬಣ್ಣದ ಕೆಲಸದಿಂದ ಬಿಡಿಸಿ ಇದಕ್ಕೇ ಮೀಸಲಿಡಬೇಕು. ಈಗಿನ ಪ್ರಿಂಟರಿನಲ್ಲಿ ಬಣ್ಣದ ಚಿತ್ರಗಳನ್ನೂ ಮುದ್ರಿಸುವುದಿದ್ದರೆ ಅದರಲ್ಲಿ ಈ ಪ್ರಯೋಗ ದಯವಿಟ್ಟು ಬೇಡ.

ಪ್ರಶ್ನೆ: ಮುಳ್ಳಯ್ಯನಗಿರಿಯ ಮಂಜಿನ ಚಿತ್ರ ಲಸ್ಟರ್ (ನಸುಹೊಳಪಿನ) ಕಾಗದದಲ್ಲಿ ಚೆನ್ನಾಗಿ ಬಂದಿತು. ಅದನ್ನೇ ಹತ್ತಿಯ ಮ್ಯಾಟ್ (ಹೊಳಪಿಲ್ಲದ) ಕಾಗದದ ಮೇಲೆ ಮುದ್ರಿಸಿದಾಗ ಕಪ್ಪು ಮಾಸಿದಂತಾಯಿತು. ಪ್ರಿಂಟರ್ ಪಿಗ್ಮೆಂಟ್ ಶಾಯಿಯದು.
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಡ್ರೈವರಿನಲ್ಲಿ ಕಾಗದದ ಬಗೆಯನ್ನು ಬದಲಿಸಲು ಮರೆತಿರಬೇಕು. ಹೊಳಪಿನ ಕಾಗದಕ್ಕೆ ಫೋಟೋ ಬ್ಲ್ಯಾಕ್, ಮ್ಯಾಟ್ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್ ಎಂದು ಎರಡು ಬೇರೆ ಶಾಯಿಗಳಿದ್ದು, ಕಾಗದದ ಹೆಸರು ನೋಡಿಯೇ ಡ್ರೈವರ್ ಯಾವುದನ್ನು, ಎಷ್ಟು ಸುರಿಸಬೇಕೆಂದು ತೀರ್ಮಾನಿಸುತ್ತದೆ. ಸರಿಯಾದ ಶಾಯಿ ಬಿದ್ದರೂ ಮ್ಯಾಟ್ ಕಾಗದದ ಕಪ್ಪು ಲಸ್ಟರಿನಷ್ಟು ಆಳವಾಗದು, ಆದರೆ ಮಂಜಿನ ಚಿತ್ರಕ್ಕೆ ಅದು ಕೊರತೆಯಲ್ಲ. ಮುದ್ರಿಸಿದ ಹಾಳೆಯನ್ನು ಒಂದು ದಿನ ಆರಲು ಬಿಟ್ಟು ಆಮೇಲೆ ಕಪ್ಪನ್ನು ಹೋಲಿಸಿ ನೋಡಿ. ನಿಮ್ಮೂರಿನ ಜುಲೈ ತಿಂಗಳ ತೇವದಲ್ಲಾದರೆ ಇನ್ನೂ ಒಂದೆರಡು ದಿನ ಕಾಯಿರಿ. ಉಳಿದ ಕಾಗದವನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಕವರಿನಲ್ಲಿಡಿ.